ಹಿಂದಿನ ಅಚ್ಚಿನ ಎಣ್ಣೆ

ಗಾಡಿಗೆ ಕೀಲೆಣ್ಣೆ ಹಾಕದೆ ನಮ್ಮ ಹಿರಿಯರು ಸಂತೆಗೆ ಹೊರಡುತ್ತಿರಲಿಲ್ಲ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿಯನ್ನು ಕಲಸಿ, ಬಿದಿರಿನ ಗೊಟ್ಟದಲ್ಲಿ ತುಂಬಿ, ಗಾಡಿಗೇ ತೂಗುಹಾಕಿಕೊಳ್ಳುತ್ತಿದ್ದರು. ಈಗ ಮೋಟಾರು ಇಟ್ಟುಕೊಂಡವರು ಎಂಜಿನ್ನಿನ ಎಣ್ಣೆ ನೋಡುತ್ತಾರೆ, ರೇಡಿಯೇಟರಿನ ನೀರು ನೋಡುತ್ತಾರೆ. ಹಿಂದಿನ ಅಚ್ಚಿನ ನಡುವೆ ಕುಂಬಳಕಾಯಿಯಂತೆ ಉಬ್ಬಿರುವ ಭಾಗದೊಳಗೂ ಎಣ್ಣೆ ಉಂಟೆಂಬುದನ್ನು ಮಾತ್ರ ಮರೆಯುತ್ತಾರೆ. ಅದರ ಹೆಸರು ಡಿಫರೆನ್ಶಿಯಲ್. ವರ್ಕ್‌ಷಾಪಿನವರ ಬಾಯಲ್ಲಿ ಅದು ಬರಿಯ 'ಕ್ರೌನ್'.

ಎತ್ತಿನ ಗಾಡಿಯ ಚಕ್ರಗಳು ಅಚ್ಚಿನ ಮೇಲೆ ತಮ್ಮ ಪಾಡಿಗೆ ತಾವು ತಿರುಗುತ್ತವೆ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಸಾಗಿದರೂ ತಂಟೆಯಿಲ್ಲ, ಎಳೆಯುವವು ಎತ್ತುಗಳಲ್ಲವೆ? ಮೋಟಾರಿನಲ್ಲಿ ಚಕ್ರಗಳೇ ಬಂಡಿಯನ್ನು ನೂಕಬೇಕು. ಎರಡಕ್ಕೂ ಬಲ ಕೊಡಬೇಕು, ಎರಡನ್ನೂ ಬೇರೆ ಬೇರೆ ವೇಗದಲ್ಲಿ ತಿರುಗಗೊಡಬೇಕು. ಈ ಉಪಾಯವನ್ನು 1820ರ ದಶಕದ ಕೊನೆಯಲ್ಲಿ ಫ್ರಾನ್ಸಿನ ಗಡಿಯಾರದ ಕುಶಲಿ ಪೆಕ್ಯೂರ್ ಎಂಬಾತ ಉಗಿಬಂಡಿಗಾಗಿ ಹೂಡಿದ.

2014ರಲ್ಲಿ ತಯಾರಿಕೆ ನಿಂತ ಅಂಬಾಸಡರ್, ಬೊಲೆರೊ, ಈಕೊ ಮುಂತಾದ, ಹಿಂದಿನ ಚಕ್ರಗಳಿಗೆ ಬಲ ಕೊಡುವ ಗಾಡಿಗಳಿಗೆ ಈ ಮಾತು ಸಲ್ಲುತ್ತದೆ. ಇಂದಿನ ಬಹುತೇಕ ಸಣ್ಣ ಕಾರುಗಳಲ್ಲಿ ಮುಂದಿನ ಚಕ್ರಗಳೇ ಎಳೆಯುವುದರಿಂದ ಈ ಹಲ್ಲುಚಕ್ರಗಳು ಗಿಯರ್ ಪೆಟ್ಟಿಗೆಯೊಳಗೇ ಅಡಗಿವೆ. ಅವುಗಳ ಒಡೆಯರು ಹಿಂದೆ ಹುಡುಕಿ ದಣಿಯಬೇಕಾಗಿಲ್ಲ.

ಸ್ವಲ್ಪ ದೂರ ಓಡಿಸಿದ ಗಾಡಿಯನ್ನು ಸಮನಾದ ನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಅಡ್ಡಗಲ್ಲು ಕೊಡಿ. ಜಾಕಿಯೊಂದನ್ನೇ ನಂಬಿ ಗಾಡಿಯಡಿ ನುಸುಳಬೇಡಿ; ಅದು ಜಾರಿದರೆ ಕೂಗಿಕೊಳ್ಳಲೂ ಹೊತ್ತಿರದು. ಹಿಂಭಾಗವನ್ನಷ್ಟೇ ಎತ್ತಿದರೆ ಎಣ್ಣೆಯ ಮಟ್ಟವೂ ಸುಳ್ಳು ಹೇಳುತ್ತದೆ. ಉಬ್ಬಿದ ಭಾಗದ ಮಗ್ಗುಲಲ್ಲಿ, ಮೇಲುಗಡೆಗೆ, ಎಣ್ಣೆ ತುಂಬುವ ಬಿರಡೆಯಿದೆ. ತಳದಲ್ಲಿರುವುದು ಎಣ್ಣೆ ಇಳಿಸುವ ಬಿರಡೆ. ಇವೆರಡನ್ನೂ ಅದಲುಬದಲು ಮಾಡಿಕೊಳ್ಳಬೇಡಿ. ಎಣ್ಣೆ ಇಳಿಸುವುದಿದ್ದರೂ ಮೊದಲು ಮೇಲಿನದು ಬಿಚ್ಚುತ್ತದೆಯೇ ಎಂದು ನೋಡುವುದು ಜಾಣತನ. ತುಕ್ಕು ಹಿಡಿದು ಅದು ಬಿಚ್ಚದಿದ್ದರೆ, ಇಳಿಸಿದ ಮೇಲೆ ತುಂಬುವುದೆಲ್ಲಿ?

ಸುತ್ತಲಿನ ಮಣ್ಣನ್ನು ಒರೆಸಿ, ಬಿಚ್ಚಿ, ಕಿರುಬೆರಳನ್ನು ತೂರಿಸಿ. ಎಣ್ಣೆ ತೂತಿನ ಕೆಳ ಅಂಚಿಗೆ ಸಮನಾಗಿರಬೇಕು. ಬೆರಳಿಗೆ ಹತ್ತಿದ್ದನ್ನು ಬೆಳಕಿಗೆ ಹಿಡಿಯಿರಿ: ಮಜ್ಜಿಗೆಯಂತೆ ಬೆಳ್ಳಗಿದ್ದರೆ ನೀರು ಸೇರಿದೆ, ಕಬ್ಬಿಣದ ಚೂರು ಸಿಕ್ಕರೆ ಹಲ್ಲು ಮುರಿದಿದೆ, ಕೂಡಲೇ ಮೆಕ್ಯಾನಿಕ್ಕನಿಗೆ ತೋರಿಸಿ.

ಕಡಮೆಯಿದ್ದರೆ ಪಂಪಿನಿಂದಲೋ ಆಲಿಕೆಗೆ ಸಿಕ್ಕಿಸಿದ ಕೊಳವೆಯಿಂದಲೋ ನಿಧಾನವಾಗಿ ತುಂಬಿ, ತೂತಿನಿಂದ ಹೊರಸೂಸಿದೊಡನೆ ನಿಲ್ಲಿಸಿ. ಅತಿಯಾದರೆ ಸೀಲ್ ದಾಟಿ ಸೋರುತ್ತದೆ. ಎಂಜಿನ್ನಿನ ಎಣ್ಣೆ ಇಲ್ಲಿಗೆ ಸಲ್ಲದು. ಇಲ್ಲಿ ಹಲ್ಲುಗಳು ಉರುಳುವುದಷ್ಟೇ ಅಲ್ಲ, ಒಂದರ ಮೇಲೊಂದು ಜಾರುತ್ತವೆ. ಆ ಒತ್ತಡಕ್ಕೆ ತಡೆಯುವಂತೆ ಎಣ್ಣೆಗೆ ಗಂಧಕ, ರಂಜಕಗಳ ಸಂಯುಕ್ತಗಳನ್ನು ಸೇರಿಸಿರುತ್ತಾರೆ. ಅದರ ಕೆಟ್ಟ ವಾಸನೆ ಅದರಿಂದಲೇ. ಸಾಮಾನ್ಯವಾಗಿ ಜಿಎಲ್-5 ದರ್ಜೆಯ 90 ಅಥವಾ 80ಡಬ್ಲ್ಯೂ-90 ಎಣ್ಣೆ. ಗಾಡಿಯ ಪುಸ್ತಕ ಬೇರೆ ಹೇಳಿದರೆ ಅದೇ ಪ್ರಮಾಣ. ಸಂಸ್ಕೃತದಲ್ಲಿ ಎಣ್ಣೆಗೂ ಒಲವಿಗೂ 'ಸ್ನೇಹ' ಎಂಬ ಒಂದೇ ಮಾತಿದೆ. ಹಲ್ಲುಚಕ್ರಗಳ ಮಟ್ಟಿಗಂತೂ ಸ್ನೇಹ ತಪ್ಪಿದರೆ ಕಾದಾಟವೇ. ಮೊದಲು ಊಳಿಡುವ ಸದ್ದು, ಕೊನೆಗೆ ಚಕ್ರವೇ ಬಿಗಿದು ನಿಲ್ಲಬಹುದು.

ಮುಚ್ಚಿದ ಎಡೆಯ ಎಣ್ಣೆ ತಾನಾಗಿ ಕರಗುವುದಿಲ್ಲ. ಕಡಮೆಯಾಗಿದ್ದರೆ ಸೋರಿಕೆ ಎಲ್ಲೆಂದು ಹುಡುಕಲೇಬೇಕು. ಅಚ್ಚಿನ ಮೇಲಿನ ಉಸಿರುಗಂಡಿ ಕೆಸರಿನಿಂದ ಮುಚ್ಚಿದರೆ, ಒಳಗಿನ ಬಿಸಿಗಾಳಿ ಎಣ್ಣೆಯನ್ನು ಹೊರಕ್ಕೆ ತಳ್ಳುತ್ತದೆ. ಚಕ್ರದ ಒಳಮಗ್ಗುಲಲ್ಲಿ ಎಣ್ಣೆಯ ಪಸೆ ಕಂಡರಂತೂ ಉದಾಸೀನ ಬೇಡ. ಅದು ಬ್ರೇಕಿನ ಪಟ್ಟಿಗೆ ತಗುಲಿದರೆ ಬ್ರೇಕು ಹಿಡಿಯದು. ಅಂಥ ಗಾಡಿಯನ್ನು ಚಾರ್ಮಾಡಿಯ ಘಟ್ಟದಲ್ಲಿ ಇಳಿಸುವ ಮುನ್ನ ಸೀಲ್ ಬದಲಾಯಿಸಿ, ಬ್ರೇಕಿನ ಪಟ್ಟಿಯನ್ನೂ ಬಿಚ್ಚಿಸಿ ನೋಡಿರಿ.