ಮಗಳ ಬಯೋಡಾಟಾ ಮತ್ತು ಸಂಘದ ನಡಾವಳಿ ಪುಸ್ತಕ

(ಮುದ್ದೇಬಿಹಾಳದಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಇಂದಿನ ಸಭೆಯಲ್ಲಿ ಸಾಲ, ಉಳಿತಾಯ, ಬಡ್ಡಿಯ ಮಾತು ಬದಿಗಿಟ್ಟು ಬೇರೆ ವಿಷಯ ಇಟ್ಟುಕೊಂಡಿದ್ದೇವೆ. ನೌಕರಿಗೆ ಕೊಡುವ ಬಯೋಡಾಟಾ ಬರೆಯುವುದು ಹೇಗೆ ಎಂಬುದೇ ಆ ವಿಷಯ. ಇದನ್ನು ಹೇಳಿದ ಕೂಡಲೇ ಹಿಂದೆ ಕುಳಿತವರು ‘ನಾವೇನ್ ನೌಕರಿಗೆ ಹೊಂಟೀವೇನ್ರಿ, ನಮಗ್ಯಾಕ ಇದು?’ ಅಂದಿರಿ. ಕೇಳಬೇಕಾದ ಮಾತೇ. ಆದರೆ ನಿಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ ಮಗಳೋ ಸೊಸೆಯೋ, ಕೊನೆಯ ಸೆಮಿಸ್ಟರಿನಲ್ಲಿರುವ ಮಗನೋ ಇದ್ದಾರಲ್ಲ, ಅವರ ಕಾಲೇಜು ಫೀ ಕಟ್ಟಲು ಸಂಘದಿಂದ ಸಾಲ ಎತ್ತಿದವರು ನೀವು. ಆ ದುಡ್ಡು ಎಲ್ಲಿಗೆ ಮುಟ್ಟಿತು ಅಂತ ಕೇಳುವ ಹಕ್ಕು ನಿಮಗಿದೆ.

ನಮ್ಮ ಕಡೆ ಹೆಣ್ಣುಮಕ್ಕಳು ಓದುವುದು ಮೊದಲಿಗಿಂತ ಹಗುರಾಗಿದೆ. ರಾಜ್ಯದ ಮೊದಲ ಮಹಿಳಾ ವಿಶ್ವವಿದ್ಯಾಲಯ 2003ರಲ್ಲಿ ನಮ್ಮ ಜಿಲ್ಲಾ ಕೇಂದ್ರದಲ್ಲೇ ಆಯಿತು. ಜೂನ್ 2023ರಿಂದ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿನ ಚಿಂತೆಯೂ ತಪ್ಪಿತು. ಓದಿ ಮುಗಿಸಿದ ಮೇಲೆ ಮಾತ್ರ ಮಕ್ಕಳು ಎಲ್ಲಿ ಹೋಗಬೇಕು, ಏನು ಕೇಳಬೇಕು ತಿಳಿಯದೆ ಮನೆಯಲ್ಲಿ ಕೂಡುತ್ತಾರೆ. ಆ ಹೊತ್ತಿಗೆ ಕೈಯಲ್ಲಿ ಇರಬೇಕಾದದ್ದು ಒಂದು ಹಾಳೆ. ಅದಕ್ಕೆ ಬಯೋಡಾಟಾ ಅನ್ನುತ್ತೀರಿ, ಈಗಿನ ಮಕ್ಕಳು ರೆಸ್ಯೂಮೆ ಅನ್ನುತ್ತಾರೆ. ಅದು ಫ್ರೆಂಚ್ ಮಾತು, ಸಾರಾಂಶ ಅಂತ ಅರ್ಥ.

ನಮ್ಮದೇ ಒಂದು ತಪ್ಪನ್ನು ಹೇಳಿ ಮುಂದೆ ಹೋಗುತ್ತೇವೆ. ಕೆಲವು ವರ್ಷಗಳ ಹಿಂದೆ, ಸಂಘಗಳ ಲೆಕ್ಕಪುಸ್ತಕ ನೋಡಿಕೊಳ್ಳಲು ಒಬ್ಬ ಕಾರ್ಯಕರ್ತೆ ಬೇಕೆಂದು ಅರ್ಜಿ ಕರೆದಿದ್ದೆವು. ಅರ್ಜಿಗಳ ಕಟ್ಟು ಬಿಚ್ಚಿ ಓದಲು ಕೂತರೆ ತಲೆ ತಿರುಗಿತು. ಹೆಸರು ಬೇರೆ, ಊರು ಬೇರೆ, ಬರಹ ಮಾತ್ರ ಒಂದೇ. ‘ಸವಾಲಿನ ವಾತಾವರಣದಲ್ಲಿ ದುಡಿದು ಸಂಸ್ಥೆಯ ಬೆಳವಣಿಗೆಗೆ ಶ್ರಮಿಸುವುದೇ ನನ್ನ ಗುರಿ’ ಎಂಬ ಅರ್ಥದ ಒಂದು ಇಂಗ್ಲಿಷ್ ವಾಕ್ಯ ಎಲ್ಲದರಲ್ಲೂ ಇತ್ತು, ಅದೇ ಸ್ಪೆಲಿಂಗ್ ತಪ್ಪಿನ ಸಮೇತ. ಝೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಒಂದು ತಯಾರಿ ಬಯೋಡಾಟಾ ಇರುತ್ತದೆ. ಹಳೇ ಹೆಸರು ಅಳಿಸಿ ಹೊಸ ಹೆಸರು ಹಾಕಿ ಪ್ರಿಂಟ್ ಕೊಡುತ್ತಾರೆ. ಅಂಗಡಿಯವನನ್ನು ಬೈದು ಪ್ರಯೋಜನವಿಲ್ಲ, ನಿಮ್ಮ ಮಗಳು ಯಾರು ಅಂತ ಅವನಿಗೇನು ಗೊತ್ತು?

ಆ ಕಟ್ಟಿನಲ್ಲಿ ಒಬ್ಬ ಬಿ.ಎ. ಮುಗಿಸಿದ ಹುಡುಗಿಯ ಅರ್ಜಿಯೂ ಇತ್ತು. ‘ಅನುಭವ’ ಎಂಬ ಜಾಗದಲ್ಲಿ ‘ಇಲ್ಲ’ ಎಂದು ಬರೆದಿದ್ದಳು. ನಾವು ಅದನ್ನು ಬದಿಗಿಟ್ಟೆವು. ನಾಲ್ಕು ತಿಂಗಳ ಮೇಲೆ ಒಂದು ಹಳ್ಳಿಯ ಸಂಘದ ಸಭೆಗೆ ಹೋದಾಗ ಅಲ್ಲಿನ ನಡಾವಳಿ ಪುಸ್ತಕ ನೋಡಿ ಬೆರಗಾದೆವು. ಒಂದು ಒಡಕು ಅಕ್ಷರವಿಲ್ಲ, ಒಂದು ತಿದ್ದುಪಡಿ ಇದ್ದರೂ ಪಕ್ಕದಲ್ಲಿ ಸಹಿ. ಯಾರು ಬರೆಯುತ್ತೀರಿ ಎಂದು ಕೇಳಿದಾಗ, ಹೆಬ್ಬೆಟ್ಟು ಒತ್ತುವ ಒಬ್ಬ ತಾಯಿ ಎದ್ದು ‘ನಮ್ ಮಗಳ್ರೀ, ಎಂಟನೇತ್ತಾ ಇದ್ದಾಗಿಂದ ಆಕೀನ ಬರೀತಾಳ’ ಅಂದರು. ಏಳು ವರ್ಷ! ಪಾಸ್‌ಬುಕ್ಕಿನಲ್ಲಿ ಒಂದು ಕಂತು ಬಿಟ್ಟುಹೋದದ್ದನ್ನು ಹಿಡಿದು ಬ್ಯಾಂಕಿಗೆ ಹೋಗಿ ಸರಿಪಡಿಸಿಕೊಂಡು ಬಂದವಳೂ ಆಕೆಯೇ. ಹುಡುಗಿಯನ್ನು ಕರೆಸಿದಾಗ ಗೊತ್ತಾಯಿತು, ನಾವು ಬದಿಗಿಟ್ಟ ಅರ್ಜಿ ಇವಳದೇ. ನಾವು ಹುಡುಕುತ್ತಿದ್ದದ್ದು ಇಂಥವಳನ್ನೇ, ಆದರೆ ಆ ಹೊತ್ತಿಗೆ ಬೇರೆಯವರನ್ನು ತೆಗೆದುಕೊಂಡಾಗಿತ್ತು. ‘ಇದನ್ಯಾಕವ್ವಾ ಬರೀಲಿಲ್ಲ?’ ಅಂದರೆ, ‘ಅದೇನ್ ನೌಕರೀ ಏನ್ರಿ, ಪಗಾರ ಇರಲಿಲ್ಲಲ್ರಿ’ ಅಂದಳು.

ನಾವೂ ಅರ್ಜಿಯ ಮೇಲಿದ್ದ ‘ಇಲ್ಲ’ ಎಂಬ ಒಂದು ಮಾತನ್ನು ನಂಬಿ ಕೂತೆವಲ್ಲ, ಕರೆದು ಕೇಳಬೇಕಿತ್ತು. ಆದರೆ ಎಲ್ಲ ಕಡೆಯೂ ಹೀಗೇ ನಡೆಯುತ್ತದೆ. ಅರ್ಜಿ ನೋಡುವವರಿಗೆ ಪುರುಸೊತ್ತು ಇರುವುದಿಲ್ಲ. ಹಾಳೆಯಲ್ಲಿ ಇಲ್ಲದ್ದು ಅವರ ಪಾಲಿಗೆ ಇಲ್ಲವೇ ಇಲ್ಲ.

ಈಗ ನಿಮಗೆ ಗೊತ್ತಿರುವ ವಿಷಯಕ್ಕೇ ಬರೋಣ. ನಬಾರ್ಡ್ 1992ರಲ್ಲಿ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರು ಮಾಡಿತು. ಆಸ್ತಿಯ ಅಡಮಾನ ಇಲ್ಲದ ಹೆಣ್ಣುಮಕ್ಕಳಿಗೆ ಬ್ಯಾಂಕಿನವರು ಏನು ನೋಡಿ ಸಾಲ ಕೊಟ್ಟರು? ‘ನಾವು ಭಾಳ ಪ್ರಾಮಾಣಿಕರು, ಕಷ್ಟಪಟ್ಟು ದುಡಿಯೋರು’ ಅಂತ ನೀವು ಹೇಳಿದ್ದಕ್ಕೆ ಕೊಟ್ಟರೇನು? ಇಲ್ಲ. ಪುಸ್ತಕ ನೋಡಿದರು. ಯಾವ ದಿನಾಂಕ ಸಭೆ ಸೇರಿತು, ಎಷ್ಟು ಮಂದಿ ಬಂದಿದ್ದರು, ಎಷ್ಟು ಉಳಿಸಿದರು, ಕೊಟ್ಟ ಸಾಲ ತಿರುಗಿ ಬಂತೋ ಇಲ್ಲವೋ. ನಿಮ್ಮ ಸಂಘದ ಬಯೋಡಾಟಾ ಅಂದರೆ ಆ ಪುಸ್ತಕವೇ. ಮಗಳ ಬಯೋಡಾಟಾವನ್ನೂ ಹಾಗೇ ಬರೆಯಬೇಕು: ಏನು ಮಾಡಿದಳು, ಯಾವಾಗ, ಎಷ್ಟು. ‘ಪ್ರಾಮಾಣಿಕಳು, ಶ್ರಮಜೀವಿ, ಬೇಗ ಕಲಿಯುವವಳು’ ಎಂಬ ಗುಣಗಾನ ಯಾರು ಬೇಕಾದರೂ ಬರೆಯಬಹುದು. ಅದನ್ನು ಓದುವವರು ಹಾರಿಸಿ ಮುಂದೆ ಹೋಗುತ್ತಾರೆ.

ಆ ಹುಡುಗಿ ‘ಇಲ್ಲ’ ಎಂದು ಬರೆದ ಜಾಗದಲ್ಲಿ ಹೀಗೆ ಬರೆಯಬಹುದಿತ್ತು: ‘ನಮ್ಮೂರಿನ 18 ಸದಸ್ಯೆಯರ ಸ್ವಸಹಾಯ ಸಂಘದ ನಡಾವಳಿ, ಉಳಿತಾಯ ಹಾಗೂ ಸಾಲದ ಪುಸ್ತಕಗಳನ್ನು 7 ವರ್ಷ ಬರೆದಿದ್ದೇನೆ. ವಾರದ ಸಭೆಯ ದಾಖಲೆ, ತಿಂಗಳ ಜಮಾ-ಖರ್ಚು, ಬ್ಯಾಂಕ್ ಪಾಸ್‌ಬುಕ್ಕಿನೊಂದಿಗೆ ತಾಳೆ ನೋಡುವುದು ನನ್ನ ಜವಾಬ್ದಾರಿ. ಬಿಟ್ಟುಹೋದ ಒಂದು ಕಂತನ್ನು ಪತ್ತೆ ಮಾಡಿ ಬ್ಯಾಂಕಿನಿಂದ ಸರಿಪಡಿಸಿದ್ದೇನೆ.’ ಮೂರು ವಾಕ್ಯ, ಒಂದೂ ಸುಳ್ಳಿಲ್ಲ. ಇದನ್ನು ಓದಿದ್ದರೆ ನಾವು ಮರುದಿನವೇ ಫೋನ್ ಮಾಡುತ್ತಿದ್ದೆವು.

ಪಗಾರ ಇರಲಿ ಬಿಡಲಿ, ಒಂದು ಜವಾಬ್ದಾರಿ ಹೊತ್ತು ಮಾಡಿದ ಕೆಲಸ ಅನುಭವವೇ. ಓಣಿಯ ಮಕ್ಕಳಿಗೆ ಸಂಜೆ ಪಾಠ ಹೇಳಿದ್ದು, ಎನ್.ಎಸ್.ಎಸ್. ಶಿಬಿರದಲ್ಲಿ ಏಳು ದಿನ ಅಡುಗೆ ಲೆಕ್ಕ ನೋಡಿದ್ದು, ಹಬ್ಬದ ಹೊತ್ತಿನಲ್ಲಿ ಬಟ್ಟೆ ಅಂಗಡಿಯಲ್ಲಿ ನಿಂತದ್ದು, ಅಪ್ಪನ ಜೊತೆ ತೊಗರಿ ಮಾರಲು ಹೋಗಿ ತೂಕದ ಚೀಟಿ ಓದಿದ್ದು, ಕಾಲೇಜಿನಲ್ಲಿ ಮಾಡಿದ ಪ್ರಾಜೆಕ್ಟ್, ಎಲ್ಲಕ್ಕೂ ಜಾಗ ಇದೆ. ‘ಮನಿ ಕೆಲಸ ಬರೀಬೇಕೇನ್ರಿ?’ ಅಂತ ಒಬ್ಬರು ಕೇಳುತ್ತಿದ್ದೀರಿ. ಮನೆಗೆ ರೊಟ್ಟಿ ಬಡಿದದ್ದು ಬೇಡ. ಕಟಕ ರೊಟ್ಟಿ ಮಾಡಿ ಮಾರಿದ್ದರೆ ಬೇಕು, ತಿಂಗಳಿಗೆ ಎಷ್ಟು ನೂರು ಅಂತ ಸಮೇತ ಬೇಕು.

ಇನ್ನು ಬೇಡವಾದದ್ದರ ಮಾತು. ನಮ್ಮ ಕಡೆ ಬಯೋಡಾಟಾ ಅಂದರೆ ಮೊದಲು ನೆನಪಾಗುವುದು ಲಗ್ನದ ಬಯೋಡಾಟಾ. ಅದರ ಗಾಳಿ ನೌಕರಿಯದಕ್ಕೂ ಬಡಿದುಬಿಟ್ಟಿದೆ. ಅಪ್ಪನ ಉದ್ಯೋಗ, ಜಾತಿ, ಧರ್ಮ, ಎತ್ತರ, ಲಗ್ನ ಆಗಿದೆಯೋ ಇಲ್ಲವೋ ಎಲ್ಲ ಬರೆದು, ಹುಡುಗಿಗೆ ಏನು ಬರುತ್ತದೆ ಎಂಬುದು ಎರಡನೇ ಹಾಳೆಯ ಕೊನೆಗೆ! ಅವರು ಸೊಸೆ ಹುಡುಕುತ್ತಿಲ್ಲ. ಕೇಳಿದರೆ ಮಾತ್ರ ಇಂಥ ವಿವರ ಕೊಡಿ, ಫೋಟೋ ಕೂಡ ಹಾಗೇ. ಆಧಾರ್ ನಂಬರ್, ಬ್ಯಾಂಕ್ ಖಾತೆ ನಂಬರ್ ಅಂತೂ ಹಾಕಲೇಬೇಡಿ. ಹೆಸರು, ಊರು, ಸದಾ ಹತ್ತುವ ಫೋನ್ ನಂಬರ್, ಇ-ಮೇಲ್ ಇದ್ದರೆ ಸಾಕು. ಅಣ್ಣನ ಫೋನ್ ನಂಬರ್ ಕೊಟ್ಟು, ಅವನು ಗೋವಾಕ್ಕೆ ದುಡಿಯಲು ಹೋಗಿ, ಸಂದರ್ಶನದ ಕರೆ ಅಲ್ಲೇ ಉಳಿದ ಉದಾಹರಣೆ ನಮ್ಮ ಕಣ್ಣ ಮುಂದಿದೆ. ಮಗಳ ನಂಬರನ್ನೇ ಕೊಡಿ, ಸಹೋದರಿಯರೇ. ಕಾಲೇಜಿಗೆ ಕಳಿಸಿದ ಮೇಲೆ ಫೋನ್ ಕೊಡಲು ಹೆದರಿದರೆ ಹೇಗೆ?

ಓದಿನ ವಿವರದಲ್ಲಿ ಈಚಿನದು ಮೊದಲು ಬರಲಿ. ಡಿಗ್ರಿ, ಆಮೇಲೆ ಪಿಯುಸಿ, ಆಮೇಲೆ ಎಸ್ಸೆಸ್ಸೆಲ್ಸಿ. ಕಾಲೇಜು, ವಿಶ್ವವಿದ್ಯಾಲಯ, ವರ್ಷ, ಅಂಕ. ಇಲ್ಲಿ ನಮ್ಮ ಜಿಲ್ಲೆಯವರಿಗೆ ಒಂದು ತೊಡಕಿದೆ. ಬಿಜಾಪುರ 2014ರ ನವೆಂಬರ್‌ನಲ್ಲಿ ವಿಜಯಪುರ ಆಯಿತು. ಕರ್ನಾಟಕ ರಾಜ್ಯ ಮಹಿಳಾ ವಿಶ್ವವಿದ್ಯಾಲಯಕ್ಕೆ 2017ರಲ್ಲಿ ಅಕ್ಕಮಹಾದೇವಿಯ ಹೆಸರು ಬಂತು. ಮೊದಲು ಧಾರವಾಡದ ವಿಶ್ವವಿದ್ಯಾಲಯಕ್ಕೆ ಸೇರಿದ್ದ ಕಾಲೇಜುಗಳು 2010ರಲ್ಲಿ ಆದ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೆ ಹೋದವು. ಬೆಂಗಳೂರಲ್ಲಿ ಕೂತು ಅರ್ಜಿ ನೋಡುವವರಿಗೆ ಇದೆಲ್ಲ ಗೊತ್ತಿರುವುದಿಲ್ಲ. ಆದ್ದರಿಂದ ಅಂಕಪಟ್ಟಿಯಲ್ಲಿ ಏನಿದೆಯೋ ಅದನ್ನೇ ಬರೆದು, ಪಕ್ಕದಲ್ಲಿ ‘ಈಗಿನ ಹೆಸರು ಇಂಥದ್ದು’ ಅಂತ ಸೇರಿಸಿ. ಹುಡುಗಿಯ ಹೆಸರಿನ ಸ್ಪೆಲಿಂಗ್ ಕೂಡ ಅಂಕಪಟ್ಟಿಯಲ್ಲಿ ಇದ್ದಂತೆಯೇ ಇರಲಿ.

ಒಂದೇ ಬಯೋಡಾಟಾ ಹತ್ತು ಕಡೆ ಒಗೆಯುವ ರೂಢಿಯೂ ಬಿಡಬೇಕು. ಮೋನಾಲಿಸಾ ಚಿತ್ರ ಬರೆದ ಇಟಲಿಯ ಲಿಯೊನಾರ್ಡೊ ಡಾ ವಿಂಚಿ 1482ರ ಸುಮಾರಿಗೆ ಮಿಲಾನಿನ ದೊರೆಯಲ್ಲಿ ಕೆಲಸ ಕೇಳಿ ಒಂದು ಪತ್ರ ಬರೆಸಿದ್ದ. ಅದೇ ಜಗತ್ತಿನ ಮೊದಲ ರೆಸ್ಯೂಮೆ ಅಂತ ಹೇಳುವವರಿದ್ದಾರೆ. ಅಂಥ ಚಿತ್ರಗಾರ ಮೊದಲು ಬರೆದದ್ದು ಏನು? ಹಗುರಾದ ಸೇತುವೆ ಕಟ್ಟುತ್ತೇನೆ, ಯುದ್ಧದ ಯಂತ್ರ ಮಾಡುತ್ತೇನೆ, ನೀರನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯುತ್ತೇನೆ. ಚಿತ್ರ ಬರೆಯುವ ಮಾತು ಕೊನೆಗೆ ಬಂತು. ದೊರೆಗೆ ಬೇಕಾಗಿದ್ದು ಯುದ್ಧದ ಸಾಮಾನು. ನಿಮ್ಮ ಮಗಳು ಸಹಕಾರಿ ಬ್ಯಾಂಕಿಗೆ ಅರ್ಜಿ ಹಾಕಿದರೆ ಸಂಘದ ಲೆಕ್ಕ ಮೇಲೆ ಬರಲಿ, ಶಾಲೆಗೆ ಹಾಕಿದರೆ ಸಂಜೆಯ ಪಾಠ ಮೇಲೆ ಬರಲಿ. ಸರ್ಕಾರಿ ನೌಕರಿಗೆ ಅರ್ಜಿ ಫಾರ್ಮು, ಪರೀಕ್ಷೆ ಬೇರೆಯೇ ಇರುತ್ತವೆ, ಅಲ್ಲಿ ಈ ಹಾಳೆ ಹೆಚ್ಚು ನಡೆಯುವುದಿಲ್ಲ. ಪರೀಕ್ಷೆಯ ದಾರಿ ಕಾಯುತ್ತಲೇ ಎರಡು ಮೂರು ವರ್ಷ ಸುಮ್ಮನೆ ಕೂಡುವ ಬದಲು ಎರಡೂ ಕಡೆ ಪ್ರಯತ್ನ ಇರಲಿ ಅಂತ ನಮ್ಮ ಸಲಹೆ.

ಸುಳ್ಳಿನ ಬಗ್ಗೆ ಒಂದು ಮಾತು. ‘ಇಂಗ್ಲಿಷ್ ಮಾತಾಡ್ತೀನಿ’ ಅಂತ ಬರೆದರೆ ಸಂದರ್ಶನದಲ್ಲಿ ಇಂಗ್ಲಿಷಿನಲ್ಲೇ ಕೇಳುತ್ತಾರೆ. ‘ಓದಲು, ಬರೆಯಲು ಬರುತ್ತದೆ, ಮಾತು ಕಲಿಯುತ್ತಿದ್ದೇನೆ’ ಅಂತ ಬರೆದವರಿಗೆ ಮುಖಭಂಗ ಆಗುವುದಿಲ್ಲ. ಒಂದು ವಿಷಯ ಫೇಲಾಗಿ ಆಮೇಲೆ ಪಾಸಾಗಿದ್ದರೆ ಪಾಸಾದ ವರ್ಷ ಬರೆಯಿರಿ, ಮುಚ್ಚಿಡುವುದು ಬೇಡ. ಲಗ್ನ, ಬಾಣಂತನ ಅಂತ ಎರಡು ವರ್ಷ ಖಾಲಿ ಹೋಗಿದ್ದರೂ ಅದು ಅಪರಾಧವಲ್ಲ. ‘ಕುಟುಂಬದ ಜವಾಬ್ದಾರಿ’ ಎಂದು ಒಂದು ಸಾಲು ಸಾಕು. ಕಂಪ್ಯೂಟರ್ ಬರುತ್ತದೆ ಎಂದರೆ ಏನು ಬರುತ್ತದೆ ಹೇಳಬೇಕು: ಕನ್ನಡ ಟೈಪಿಂಗ್ ಬರುತ್ತದೋ, ಎಕ್ಸೆಲ್ಲಿನಲ್ಲಿ ಕೂಡಿಸುವುದು ಬರುತ್ತದೋ.

ಇನ್ನೊಂದು ಎಚ್ಚರಿಕೆ ಬಹಳ ಮುಖ್ಯ. ಬಯೋಡಾಟಾ ಕಳಿಸಿದ ಮೇಲೆ ‘ನಿಮಗೆ ನೌಕರಿ ಆಗಿದೆ, ನೋಂದಣಿಗೆ ಇಷ್ಟು ದುಡ್ಡು ಹಾಕಿ’ ಅಂತ ಫೋನ್ ಬಂದರೆ ದುಡ್ಡು ಹಾಕಬೇಡಿ, ಒಟಿಪಿ ಹೇಳಬೇಡಿ. ಪಗಾರ ಕೊಡುವವರು ಮೊದಲು ನಮ್ಮಿಂದಲೇ ಯಾಕೆ ವಸೂಲಿ ಮಾಡುತ್ತಾರೆ, ಯೋಚನೆ ಮಾಡ್ರಿ. ಇದಕ್ಕೆ ಅಂತ ಸಂಘದಲ್ಲಿ ಸಾಲ ಕೇಳಲು ಯಾರಾದರೂ ಬಂದರೆ ಸಭೆಯಲ್ಲಿ ತಡೆದು ಕೇಳಿರಿ.

ಉಳಿದದ್ದು ಸಣ್ಣ ಕೆಲಸ. ಹೊಸದಾಗಿ ಓದು ಮುಗಿಸಿದವರಿಗೆ ಒಂದೇ ಪುಟ ಸಾಕು. ಬಣ್ಣ, ಹೂವಿನ ಅಂಚು ಬೇಡ. ಇ-ಮೇಲಿನಲ್ಲಿ ಕಳಿಸುವಾಗ ಪಿಡಿಎಫ್ ಮಾಡಿ, ಫೈಲಿಗೆ ಹುಡುಗಿಯ ಹೆಸರೇ ಇಡಿ. ಗೊತ್ತಿರುವ ಉಪನ್ಯಾಸಕರ ಹೆಸರು ಕೊಡುವುದಾದರೆ ಅವರನ್ನು ಮೊದಲು ಕೇಳಿ. ಪ್ರಿಂಟ್ ತೆಗೆಯುವ ಮೊದಲು ಬೇರೆಯವರಿಂದ ಒಮ್ಮೆ ಓದಿಸಿ.

ಇಂಗ್ಲಿಷಿನಲ್ಲಿ ಬರೆಯಬೇಕೋ ಕನ್ನಡದಲ್ಲೋ? ಹುಬ್ಬಳ್ಳಿ, ಬೆಂಗಳೂರಿನ ಕಡೆ ಇಂಗ್ಲಿಷ್ ಕೇಳುತ್ತಾರೆ. ಆದರೆ ಮೊದಲ ಕರಡು ಕನ್ನಡದಲ್ಲೇ ಆಗಲಿ. ಆಗ ನೀವೂ ಪಕ್ಕದಲ್ಲಿ ಕೂತು ‘ಏ, ಅದನ್ನ ಬಿಟ್ಟಿ ನೋಡು’ ಅನ್ನಲು ಬರುತ್ತದೆ. ಮಕ್ಕಳು ತಾವು ಮಾಡಿದ್ದನ್ನು ಮರೆಯುತ್ತಾರೆ, ತಾಯಂದಿರು ಮರೆಯುವುದಿಲ್ಲ.

ಬರುವ ತಿಂಗಳ ಸಭೆಗೆ ಡಿಗ್ರಿ ಓದುವ, ಮುಗಿಸಿದ ಮಕ್ಕಳನ್ನು ಕರೆದುಕೊಂಡು ಬನ್ನಿ. ಅಂಕಪಟ್ಟಿಗಳ ಝೆರಾಕ್ಸ್, ಎರಡು ಖಾಲಿ ಹಾಳೆ, ಒಂದು ಪೆನ್ನು ಇರಲಿ. ಯಾವ ಸಂಘದ ಪುಸ್ತಕವನ್ನು ಮಕ್ಕಳು ಬರೆಯುತ್ತಿದ್ದಾರೋ ಆ ಸಂಘದವರು ನಡಾವಳಿ ಪುಸ್ತಕವನ್ನೂ ತನ್ನಿ. ಎಷ್ಟು ವರ್ಷದಿಂದ ಬರೆಯುತ್ತಿದ್ದಾರೆ ಎಂದು ಅದರಲ್ಲೇ ದಿನಾಂಕ ನೋಡಿ ಬರೆದುಕೊಳ್ಳೋಣ.