ಒಂದೇ ಹಾಳೆ, ನಾಲ್ಕು ಕೈ

ಮಂಗಳೂರಿನ ಬೋಳಾರದ ಮಂಗಳಾದೇವಿ ದೇವಸ್ಥಾನದ ಹತ್ತಿರ, ನೆರೆಮನೆಯ ಹುಡುಗಿ ಮೊನ್ನೆ ರಾತ್ರಿ ಗೂಗಲ್ ಡಾಕ್ಸ್ ತೆರೆದು ಕೂತಿದ್ದಳು. ನಾಲ್ವರು ಸೇರಿ ಬರೆಯುವ ಪ್ರಾಜೆಕ್ಟ್, ನಮ್ಮೂರ ಹಂಚಿನ ಕಾರ್ಖಾನೆಗಳ ಬಗ್ಗೆ. ಪರದೆಯ ಮೇಲೆ ಕೆಂಪು ಗೆರೆಯೊಂದು ಮಿಣುಕಿತು, ಪಕ್ಕದಲ್ಲಿ ಗೆಳತಿಯ ಹೆಸರು. ಬಾಸೆಲ್ ಮಿಶನ್ನಿನ ಮೊದಲ ಹಂಚಿನ ಕಾರ್ಖಾನೆಯ ಇಸವಿ ‘1856’ ಎಂದಿದ್ದದ್ದು ಕಣ್ಣೆದುರೇ ‘1865’ ಆಯಿತು. ಇವಳ ಮುಖ ಅರಳಿತು.

ಗುಂಪು ಕೆಲಸವೆಂದರೆ ಒಬ್ಬರು ಬರೆಯುವುದು, ಉಳಿದವರು ಹೆಸರು ಸೇರಿಸುವುದು ಎಂಬಂತಾಗಿದೆ. ಗೂಗಲ್ ಡಾಕ್ಸ್‌ನಲ್ಲಿ ಯಾರು ಯಾವಾಗ ಏನು ತಿದ್ದಿದರು ಎಂಬುದೆಲ್ಲ ಉಳಿಯುತ್ತದೆ. ಆದರೆ ಅಧ್ಯಾಪಕರು ಅದನ್ನು ಕಳ್ಳನನ್ನು ಹಿಡಿಯಲು ಬಳಸಬಾರದು. ಒಂದಕ್ಷರವೂ ಬರೆಯದ ಮಗುವನ್ನು ಹತ್ತಿರ ಕರೆದು ಕೇಳಬೇಕು: ಮನೆಯಲ್ಲಿ ಮೂವರಿಗೆ ಒಂದೇ ಫೋನಾ? ಇನ್ನೊಬ್ಬರ ವಾಕ್ಯ ಮುಟ್ಟಲು ಹೆದರಿಕೆಯಾ? ಅಳಿಸುವ ಮೊದಲು ಪಕ್ಕದಲ್ಲಿ ಟಿಪ್ಪಣಿ ಹಾಕಿ ಕೇಳುವ ಸೌಜನ್ಯವನ್ನೂ ಕಲಿಸಬೇಕು. ಲಿಂಕ್ ಕಳಿಸಿದರೆ ಕಲಿಸಿದಂತಾಗುವುದಿಲ್ಲ.

2016ರಲ್ಲಿ ಸ್ವತಂತ್ರ ತಾಣವಾದ ತುಳು ವಿಕಿಪೀಡಿಯ ಬೆಳೆದದ್ದೂ ಹೀಗೆಯೇ, ಒಬ್ಬರು ಬರೆದದ್ದನ್ನು ಮತ್ತೊಬ್ಬರು ತಿದ್ದುತ್ತಾ.

ಆ ಹುಡುಗಿ ‘ಥ್ಯಾಂಕ್ಸ್ ಮಾರಾಯ್ತಿ’ ಎಂದು ಟೈಪಿಸಿದಳು. ಕೆಂಪು ಗೆರೆ ಮುಂದಿನ ಸಾಲಿಗೆ ಹೋಗಿತ್ತು.