ಗಡಿಯ ಶತ್ರು, ಮನೆಯ ಮಗ

(ಉಪನ್ಯಾಸವೊಂದರ ಪಠ್ಯ)

ಕಂಪ್ಯೂಟರ್ ಆಟ ಎಂದೊಡನೆ ಸಭೆಯಲ್ಲಿರುವ ಹಿರಿಯರಿಗೆ ಗುಂಡಿನ ಸದ್ದು, ಓಡುವ ಕಾರು, ಪರೀಕ್ಷೆಯಲ್ಲಿ ಅಂಕ ಕಡಿಮೆ ತಂದ ಮೊಮ್ಮಗ ನೆನಪಾದರೆ ಆಶ್ಚರ್ಯವಿಲ್ಲ. ಆದರೆ ಸ್ವೀಡನ್ನಿನ ಪ್ಯಾರಡಾಕ್ಸ್ ಸಂಸ್ಥೆ 2004ರಲ್ಲಿ ಹೊರತಂದ ‘ಕ್ರುಸೇಡರ್ ಕಿಂಗ್ಸ್’ ಎಂಬ ಆಟದ ಬಗೆಯೇ ಬೇರೆ. ಅದರಲ್ಲಿ ಯುದ್ಧವೇನೋ ಇದೆ. ಆದರೆ ಆಡುವವನ ಹೊತ್ತೆಲ್ಲ ಹೋಗುವುದು ಮದುವೆ ಮಾತುಕತೆಗೆ, ಮಕ್ಕಳ ಶಿಕ್ಷಣಕ್ಕೆ, ಆಸ್ತಿಯ ಪಾಲಿಗೆ. 2012ರಲ್ಲಿ ಇದರ ಎರಡನೆಯ ಆವೃತ್ತಿ, 2020ರಲ್ಲಿ ಮೂರನೆಯದು ಬಂದವು.

ಆಡುವವನು ಮಧ್ಯಯುಗದ ಒಬ್ಬ ರಾಜನಾಗಿಯೋ ಸಾಮಂತನಾಗಿಯೋ ಆಟ ಆರಂಭಿಸುತ್ತಾನೆ. ಆ ರಾಜ ಸತ್ತರೆ ಆಟ ನಿಲ್ಲುವುದಿಲ್ಲ. ಆಡುವವನು ಅವನ ವಾರಸುದಾರನಾಗಿ ಮುಂದುವರಿಯುತ್ತಾನೆ. ಪಟ್ಟವೇರಲು ವಂಶದಲ್ಲಿ ಯಾರೂ ಇಲ್ಲದಿದ್ದರೆ ಅಲ್ಲಿಗೆ ಆಟ ಮುಗಿಯಿತು. ಆದ್ದರಿಂದ ಮಗ ಬೇಕೇ ಬೇಕು. ಎಷ್ಟು ಮಂದಿ ಎಂಬುದೇ ತೊಡಕು. ಒಬ್ಬನೇ ಇದ್ದರೆ ಒಂದು ಕಾಯಿಲೆಗೆ ವಂಶವೇ ಹೋದೀತು. ಮೂವರಿದ್ದರೆ, ಆಟದಲ್ಲಿ ಸಾಮಾನ್ಯವಾಗಿರುವ ಪಾಲಿನ ಕಾನೂನಿನಂತೆ, ತಂದೆ ಒಟ್ಟುಗೂಡಿಸಿದ ರಾಜ್ಯ ಅವನ ಶವಸಂಸ್ಕಾರದ ದಿನವೇ ಹೋಳಾಗುತ್ತದೆ.

ಇದು ಬರಿಯ ಕಲ್ಪನೆಯಲ್ಲ. ಆಟವನ್ನು ಆರಂಭಿಸಬಹುದಾದ ವರ್ಷಗಳಲ್ಲಿ 1066 ಒಂದು. ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ ವರ್ಷ. 1087ರಲ್ಲಿ ಅವನು ಸತ್ತಾಗ ಹಿರಿಯ ಮಗ ರಾಬರ್ಟನಿಗೆ ನಾರ್ಮಂಡಿ, ಇನ್ನೊಬ್ಬ ವಿಲಿಯಮನಿಗೆ ಇಂಗ್ಲೆಂಡ್, ಕಿರಿಯ ಹೆನ್ರಿಗೆ ಹಣ ಸಿಕ್ಕಿತು. ಹಣ ಪಡೆದವನು ಸುಮ್ಮನೆ ಕೂರಲಿಲ್ಲ. 1100ರಲ್ಲಿ ಇಂಗ್ಲೆಂಡಿನ ಪಟ್ಟವೇರಿ, 1106ರಲ್ಲಿ ಅಣ್ಣ ರಾಬರ್ಟನನ್ನು ಸೋಲಿಸಿ ಸೆರೆಹಿಡಿದ. 1134ರಲ್ಲಿ ಸಾಯುವವರೆಗೂ ರಾಬರ್ಟ್ ಸೆರೆಯಲ್ಲೇ ಇದ್ದ.

ಈ ಇತಿಹಾಸ ತಿಳಿದವನು ಆಟದಲ್ಲಿ ಏನು ಮಾಡುತ್ತಾನೆ? ಎರಡನೆಯ ಮಗ ಹುಟ್ಟಿದಾಗ ಸಂತೋಷಪಡುವ ಬದಲು ಲೆಕ್ಕ ಹಾಕತೊಡಗುತ್ತಾನೆ. ಅವನನ್ನು ಸನ್ಯಾಸಕ್ಕೆ ಕಳುಹಿಸಬಹುದೇ? ಕೊನೆಗೆ ವಿಷ? ತೆರೆಯ ಮೇಲೆ ಸಂಚಿನ ಯಶಸ್ಸು ಶೇಕಡಾ ಇಷ್ಟು ಎಂದು ಅಂಕಿ ಮೂಡುತ್ತದೆ. ಮಾಮೂಲಿಯಾಗಿ ಸಾಧುವಾದ ಜನರೂ ಆ ಅಂಕಿಯನ್ನು ನೋಡುತ್ತ ಕೂರುತ್ತಾರೆ.

ಗೂಢಚಾರರ ಪ್ರವೇಶ ಇಲ್ಲೇ. ಆಟದ ರಾಜಸಭೆಯಲ್ಲಿ ಬೇಹುಗಾರಿಕೆಗೆ ಒಬ್ಬ ಮುಖ್ಯಸ್ಥನಿರುತ್ತಾನೆ. ಅವನನ್ನು ಪರರಾಜ್ಯದ ಗುಟ್ಟು ತರಲು ಅಟ್ಟಬಹುದು, ಇಲ್ಲವೇ ಸ್ವಂತ ಅರಮನೆಯ ಸಂಚು ಹುಡುಕಲು ಇರಿಸಿಕೊಳ್ಳಬಹುದು. ಎರಡೂ ಕೆಲಸ ಒಟ್ಟಿಗೆ ಆಗದು. ಅವನು ಜಾಣನಾಗಿದ್ದು ರಾಜನನ್ನು ದ್ವೇಷಿಸುತ್ತಿದ್ದರೆ ಸಂಚಿನಲ್ಲಿ ಅವನೂ ಸೇರಬಹುದು. ಶತ್ರುವಿನ ಬೇಹಿನವರು ಹುಡುಕುವುದೂ ಇಂಥವರನ್ನೇ: ಅತೃಪ್ತ ತಮ್ಮ, ಪಾಲು ಸಿಗದ ಮಗ. ಹೊರಗಿನ ಶತ್ರು ಒಳಗೆ ಬರುವ ಬಾಗಿಲು ಉತ್ತರಾಧಿಕಾರದ ಜಗಳ ಎಂಬುದನ್ನು ಈ ಆಟ ಪಠ್ಯಪುಸ್ತಕಗಳಿಗಿಂತ ಚೆನ್ನಾಗಿ ತೋರಿಸುತ್ತದೆ.

2014ರ ವಿಸ್ತರಣೆಯಲ್ಲಿ ಭಾರತವೂ ಆಟದ ಭೂಪಟಕ್ಕೆ ಸೇರಿತು. 1066ರಲ್ಲಿ ಕಲ್ಯಾಣದ ಚಾಲುಕ್ಯ ಸಿಂಹಾಸನದಲ್ಲಿದ್ದವನು ಒಂದನೆಯ ಸೋಮೇಶ್ವರ. 1068ರಲ್ಲಿ ಅವನು ಕುರುವತ್ತಿಯಲ್ಲಿ ತುಂಗಭದ್ರೆಯ ಪಾಲಾದ. ಹಿರಿಯ ಮಗ ಇಮ್ಮಡಿ ಸೋಮೇಶ್ವರನಿಗೆ ಪಟ್ಟವಾಯಿತು. ತಮ್ಮ ವಿಕ್ರಮಾದಿತ್ಯ ಚೋಳ ರಾಜಕುಮಾರಿಯನ್ನು ಮದುವೆಯಾಗಿದ್ದವನು. 1076ರಲ್ಲಿ ಅಣ್ಣನನ್ನು ಇಳಿಸಿ ತಾನೇ ಅರಸನಾದ, ತನ್ನ ಹೆಸರಿನ ಶಕೆಯನ್ನೇ ಆರಂಭಿಸಿದ. ತಂದೆ ತನಗೇ ಯುವರಾಜಪದವಿ ಕೊಡಲು ಬಂದರೂ ಅಣ್ಣನಿಗಾಗಿ ವಿಕ್ರಮಾದಿತ್ಯ ಬೇಡವೆಂದನೆಂದು ಅವನ ಆಸ್ಥಾನಕವಿ ಬಿಲ್ಹಣ ‘ವಿಕ್ರಮಾಂಕದೇವಚರಿತ’ದಲ್ಲಿ ಹೇಳುತ್ತಾನೆ. ಗೆದ್ದವನ ಅನ್ನ ಉಂಡ ಕವಿಯ ಮಾತಿಗೆ ಎಷ್ಟು ಬೆಲೆ ಕೊಡಬೇಕೋ ಅಷ್ಟು ಕೊಡಬೇಕು.

ಅದೇ ಕಾವ್ಯದಲ್ಲಿ ಇನ್ನೊಂದು ಪ್ರಸಂಗವಿದೆ. ವಿಕ್ರಮಾದಿತ್ಯ ತನ್ನ ತಮ್ಮ ಜಯಸಿಂಹನನ್ನು ಬನವಾಸಿಯ ಆಡಳಿತಕ್ಕೆ ಇರಿಸಿದ್ದ. ಜಯಸಿಂಹ ಹಣ ಕೂಡಿಸುತ್ತಿದ್ದಾನೆ, ಸೈನ್ಯ ಬೆಳೆಸುತ್ತಿದ್ದಾನೆ, ಅಣ್ಣನ ಪಡೆಯವರನ್ನೇ ಒಡೆಯುತ್ತಿದ್ದಾನೆ ಎಂದು ಆಪ್ತನೊಬ್ಬ ಬಂದು ಹೇಳುತ್ತಾನೆ. ಅರಸ ತಕ್ಷಣ ನಂಬುವುದಿಲ್ಲ. ನಿಜವೇನೆಂದು ತಿಳಿಯಲು ಚಾರರನ್ನು ಕಳುಹಿಸುತ್ತಾನೆ. ಸುದ್ದಿ ನಿಜವೆಂದು ಅವರು ಬಂದು ತಿಳಿಸಿದ ಮೇಲೂ ತಮ್ಮನನ್ನು ಸಮಾಧಾನಪಡಿಸಲು ನೋಡುತ್ತಾನೆ. ಕಡೆಗೆ ಕೃಷ್ಣಾ ತೀರದಲ್ಲಿ ಯುದ್ಧವಾಗುತ್ತದೆ, ಜಯಸಿಂಹ ಸೋಲುತ್ತಾನೆ. ಅಣ್ಣನ ಪಟ್ಟ ಕಿತ್ತವನಿಗೆ ತಮ್ಮನ ಮನಸ್ಸು ಅರ್ಥವಾಗಲು ಚಾರರೇ ಬೇಕಿತ್ತೇ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ.

ಆಟ ಮತ್ತು ಇತಿಹಾಸ ಬೇರೆಯಾಗುವುದು ಈ ಅನುಮಾನದ ದಿನಗಳಲ್ಲಿ. ಆಟದಲ್ಲಿ ತಮ್ಮನ ಚಿತ್ರದ ಪಕ್ಕದಲ್ಲೇ ಅವನ ಅಭಿಪ್ರಾಯದ ಅಂಕ ಕಾಣುತ್ತದೆ. ಋಣ ನೂರರಿಂದ ಧನ ನೂರರವರೆಗೆ. ಮಹತ್ವಾಕಾಂಕ್ಷಿ, ವಂಚಕ ಮುಂತಾದ ಗುಣಗಳೂ ಅಲ್ಲೇ ನಮೂದಾಗಿರುತ್ತವೆ. ವಿಕ್ರಮಾದಿತ್ಯನಿಗೆ ಇದ್ದದ್ದು ಯಾರೋ ತಂದ ಮಾತು, ತಂದವನ ಮುಖ.

ಈ ಕಷ್ಟವನ್ನು ಬಲ್ಲ ಗ್ರಂಥ ಕೌಟಿಲ್ಯನ ‘ಅರ್ಥಶಾಸ್ತ್ರ’. ಮರೆತುಹೋಗಿದ್ದ ಆ ಗ್ರಂಥವನ್ನು 1909ರಲ್ಲಿ ಮೈಸೂರಿನಲ್ಲಿ ಪ್ರಕಟಿಸಿ ಲೋಕಕ್ಕೆ ಕೊಟ್ಟವರು ಆರ್. ಶಾಮಶಾಸ್ತ್ರಿಗಳು. ಒಬ್ಬರನ್ನೊಬ್ಬರು ಅರಿಯದ ಮೂವರು ಚಾರರ ವರದಿ ಒಂದೇ ಆದಾಗ ನಂಬಬೇಕೆಂಬುದು ಅದರ ವಿಧಿ. ಆಟದ ರಾಜನಿಗೆ ಈ ಅನುಕೂಲವಿಲ್ಲ, ಒಬ್ಬನೇ ಮುಖ್ಯಸ್ಥ. ರಾಜಪುತ್ರರ ವಿಷಯದಲ್ಲಿ ಕೌಟಿಲ್ಯ ಹಿಂದಿನ ಆಚಾರ್ಯರ ಮತಗಳನ್ನು ಒಂದೊಂದಾಗಿ ಹೇಳುತ್ತಾನೆ. ಏಡಿಯಂತೆ ಹೆತ್ತವರನ್ನೇ ತಿನ್ನುವ ಇವರನ್ನು ಗುಟ್ಟಾಗಿ ಮುಗಿಸಬೇಕು ಎನ್ನುವವನು ಒಬ್ಬ, ಗಡಿಯ ಕೋಟೆಯಲ್ಲಿಡಬೇಕು ಎನ್ನುವವನು ಇನ್ನೊಬ್ಬ, ಭೋಗದಲ್ಲಿ ಮುಳುಗಿಸಿಬಿಡಿ ಎನ್ನುವವನು ಮತ್ತೊಬ್ಬ. ಕೊನೆಯ ಉಪಾಯ ಬದುಕಿದ್ದೂ ಸಾಯಿಸುವುದೆಂದು ಕೌಟಿಲ್ಯ ತಳ್ಳಿಹಾಕುತ್ತಾನೆ. ಹುಡುಗನ ನಿಷ್ಠೆ ಪರೀಕ್ಷಿಸಲು ಚಾರನೊಬ್ಬ ತಂದೆಯ ವಿರುದ್ಧ ಅವನನ್ನು ಪ್ರಚೋದಿಸಲಿ ಎಂಬ ಸಲಹೆಯೂ ಅವನಿಗೆ ಒಪ್ಪಿಗೆಯಿಲ್ಲ. ಅರಿಯದವನಿಗೆ ಕೇಡನ್ನು ಅರಿವು ಮಾಡಿಕೊಡುವುದು ದೊಡ್ಡ ದೋಷವೆಂದು ಎಚ್ಚರಿಸಿ, ಮೊದಲಿನಿಂದಲೇ ಒಳ್ಳೆಯ ಶಿಕ್ಷಣ ಕೊಡಿ ಎನ್ನುತ್ತಾನೆ.

ಆಟದಲ್ಲೂ ಮಗುವಿಗೆ ಗುರುವನ್ನು ಆರಿಸುವ ಅವಕಾಶವಿದೆ. ಯುದ್ಧದ ನಡುವೆ ಬಹಳ ಮಂದಿ ಅದನ್ನು ಮರೆತುಬಿಡುತ್ತಾರೆ. ಮಗ ಹದಿನಾರು ತುಂಬಿ ಎದುರಿಗೆ ನಿಂತಾಗಲೇ ನೆನಪಾಗುವುದು.